ಮೂರನೇ ಪ್ರಶ್ನೆಗೆ ಬಾಯಿ ಕಟ್ಟಿತು

ಒಲೆಯ ಮೇಲೆ ಪಾಸ್ತಾ ಬೇಯುತ್ತಿತ್ತು. ಅಕ್ಟೋಬರ್ ಮೊದಲ ವಾರ. ನಾನು ಜರ್ಮನಿಯ ಗೊಟ್ಟಿಂಗೆನ್‌ಗೆ ಬಂದಿಳಿದು ಮೂರು ದಿನವಾಗಿತ್ತು. ಸೂಟ್‌ಕೇಸ್ ಇನ್ನೂ ಅರ್ಧ ತುಂಬಿಯೇ ಇತ್ತು. ನನ್ನ ಜೊತೆ ಅಡುಗೆಮನೆ ಹಂಚಿಕೊಂಡಿದ್ದ ಹುಡುಗ, ಸೌಟು ಹಿಡಿದು ನಿಂತಿದ್ದವನು, ತಿರುಗಿ ಕೇಳಿದ. "ವಾಸ್ ಶ್ಟುಡೀರ್ಸ್ಟ್ ಡು?" ಏನು ಓದ್ತಿದ್ದೀಯಾ?

ಇದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಜರ್ಮನ್ ಭಾಷೆಯ ಮೊದಲ ಮೆಟ್ಟಿಲು ಎ1 ಪರೀಕ್ಷೆ. ಅದರಲ್ಲಿ ಹೆಸರು, ವಯಸ್ಸು, ದೇಶ, ಊರು, ಭಾಷೆ, ಕೆಲಸ, ಹವ್ಯಾಸ ಅಂತ ಬರೆದ ಹಾಳೆ ಮುಂದಿಡುತ್ತಾರೆ. ಅದನ್ನು ನೋಡಿಕೊಂಡು ನಮ್ಮ ಬಗ್ಗೆ ನಾವೇ ಹೇಳಬೇಕು. ಆಗ ಬಾಯಿಪಾಠ ಮಾಡಿದ್ದು ಇನ್ನೂ ನಾಲಿಗೆಯ ತುದಿಯಲ್ಲಿತ್ತು. "ಇಶ್ ಶ್ಟುಡೀರೆ ಫೋರ್ಸ್ಟ್‌ವಿಸೆನ್‌ಶಾಫ್ಟ್." ಅರಣ್ಯಶಾಸ್ತ್ರ ಓದ್ತಿದ್ದೇನೆ. ಒಂದೇ ಉಸಿರಿಗೆ ಹೇಳಿದೆ.

ಎಷ್ಟನೇ ಸೆಮೆಸ್ಟರ್ ಅಂತ ಕೇಳಿದ. ಅದಕ್ಕೂ ಉತ್ತರವಿತ್ತು. ಮಾಸ್ಟರ್ಸ್, ಮೊದಲನೇದು.

ಆಮೇಲೆ ಮೂರನೆಯದು ಬಂತು. "ಉಂಟ್ ವಾಸ್ ಮಾಖ್ಟ್ ಮಾನ್ ಡಾಮಿಟ್?" ಅದನ್ನ ಓದಿ ಏನು ಮಾಡ್ತಾರೆ? ಒಂದೊಂದು ಪದವೂ ಗೊತ್ತಿತ್ತು. ಪ್ರಶ್ನೆಯೂ ಅರ್ಥವಾಯಿತು. ಬಾಯಿ ಮಾತ್ರ ಕಟ್ಟಿತು. ಬಾಯಿಪಾಠ ಮಾಡಿದ ಹಾಳೆಯಲ್ಲಿ ಇದಿರಲಿಲ್ಲ. ಸುಮ್ಮನೆ ಪಾಸ್ತಾ ಪಾತ್ರೆ ನೋಡುತ್ತಾ ನಿಂತೆ. ಅವನು ಪಾಪ, ಒಳ್ಳೆಯವನು. ನಕ್ಕು ಇಂಗ್ಲಿಷಿಗೆ ಹೊರಳಿದ. ಅಲ್ಲಿಗೆ ನನ್ನ ಜರ್ಮನ್ ಆ ದಿನದ ಮಟ್ಟಿಗೆ ಮುಗಿಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. 'ಇಶ್' ಅಂತ ಬರೆದೆನಲ್ಲ, 'ನಾನು' ಅನ್ನುವ ಪದ, ಅದರ ಕೊನೆಯ ಉಲಿ ನಮ್ಮ ಶ-ಕಾರವೂ ಅಲ್ಲ, ಹ-ಕಾರವೂ ಅಲ್ಲ. ಎರಡರ ನಡುವೆ ಎಲ್ಲೋ ಇದೆ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಶ ಅಂತಲೇ ಬರೆಯುತ್ತೇನೆ, ಜರ್ಮನ್ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಕೋರ್ಸು ಇಂಗ್ಲಿಷಿನಲ್ಲಿತ್ತು. ಪಾಠ, ಪರೀಕ್ಷೆ, ಕೊನೆಗೆ ಬರೆಯುವ ಪ್ರಬಂಧ ಎಲ್ಲವೂ. ಬರುವ ಮುಂಚೆ ಬಿ1, ಅಂದರೆ ಮೂರನೇ ಮೆಟ್ಟಿಲಿನ ತನಕ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಂಡಿದ್ದೆ. ಓದಿಗೆ ಅದೂ ಬೇಕಿರಲಿಲ್ಲ. ಆದರೆ ತರಗತಿ ಬಿಟ್ಟು ಹೊರಗೆ ಬಂದರೆ ಮೆನ್ಸಾ ಇತ್ತು, ಅಂದರೆ ಯೂನಿವರ್ಸಿಟಿ ಕ್ಯಾಂಟೀನು, ಬಸ್ಸಿತ್ತು, ಕೂದಲು ಕತ್ತರಿಸುವವಳಿದ್ದಳು, ಕೆಳಮನೆಯಲ್ಲಿ ಮನೆಯ ಒಡತಿ ಅಜ್ಜಿ ಇದ್ದರು. ಗೊಟ್ಟಿಂಗೆನ್ ವಿದ್ಯಾರ್ಥಿಗಳ ಊರು. ಇಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1737ರಲ್ಲಿ. ಹಳೇ ಬೀದಿಗಳಲ್ಲಿ ನಡೆದರೆ ಮನೆಗಳ ಗೋಡೆಯ ಮೇಲೆ ಬಿಳಿ ಫಲಕಗಳು ಕಾಣುತ್ತವೆ. ಇಂಥ ವಿದ್ವಾಂಸರು ಇಷ್ಟರಿಂದ ಇಷ್ಟರವರೆಗೆ ಇಲ್ಲಿದ್ದರು ಅಂತ. ಇಂಥ ಊರಲ್ಲಿ ಯಾರೇ ಮಾತಿಗೆ ಸಿಕ್ಕರೂ ಮೊದಲು ಕೇಳುವುದು ಅದೇ. ಏನು ಓದ್ತಿದ್ದೀಯಾ?

ಮೊದಲ ಪೆಟ್ಟು ಬಿದ್ದದ್ದು 'ಓದು' ಅನ್ನುವ ಪದದ ಮೇಲೆಯೇ.

ಒಂದು ಸಂಜೆ ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದೆ. ಎಲ್ಲಿಗೆ ಅಂತ ಅದೇ ಹುಡುಗ ಕೇಳಿದ. ಲೈಬ್ರರಿಯಲ್ಲಿ ಓದೋಕೆ ಅಂತ ಹೇಳಬೇಕಿತ್ತು. 'ಶ್ಟುಡೀರೆ' ಅಂದೆ. ಅವನು ನಕ್ಕ. "ಇವತ್ತು ಸಂಜೆಗೇ ಒಂದು ಡಿಗ್ರಿ ಮುಗಿಸ್ತೀಯಾ?"

ನಮಗೆ ಎಲ್ಲದಕ್ಕೂ ಒಂದೇ ಪದ ಸಾಕು. ಅವಳು ಇಂಜಿನಿಯರಿಂಗ್ ಓದ್ತಿದ್ದಾಳೆ. ನಾಳೆ ಪರೀಕ್ಷೆ, ಓದ್ತಿದ್ದಾಳೆ. ಕಾದಂಬರಿ ಓದ್ತಿದ್ದಾಳೆ. ಜರ್ಮನ್ನರು ಇದನ್ನು ಮೂರು ತುಂಡು ಮಾಡಿಟ್ಟಿದ್ದಾರೆ. ಯೂನಿವರ್ಸಿಟಿಯಲ್ಲಿ ಒಂದು ವಿಷಯ ಹಿಡಿದು ಓದುವುದು 'ಶ್ಟುಡೀರೆನ್'. ಪರೀಕ್ಷೆಗೆ ಕೂತು ಓದುವುದು 'ಲೆರ್ನೆನ್', ಅಂದರೆ ಕಲಿಯುವುದು. ಪುಸ್ತಕ ಓದುವುದು 'ಲೇಝೆನ್'. ಹಾಗಾಗಿ ಲೈಬ್ರರಿಗೆ ಹೋಗುವುದು 'ಲೆರ್ನೆನ್' ಮಾಡೋಕೆ. ಸ್ಕೂಲಿಗೆ ಹೋಗುವ ಮಗು 'ಶ್ಟುಡೆಂಟ್' ಅಲ್ಲವೇ ಅಲ್ಲ. ಹುಡುಗನಾದರೆ 'ಶ್ಯೂಲರ್', ಹುಡುಗಿಯಾದರೆ 'ಶ್ಯೂಲರಿನ್'.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಲೆಕ್ಚರ್‌ಗೆ ಅವರು ಹೇಳುವುದು 'ಫೋರ್‌ಲೇಝುಂಗ್'. ಮುಂದೆ ನಿಂತು ಓದಿ ಹೇಳುವುದು ಅಂತ ಅದರ ಅರ್ಥ. ಪ್ರೊಫೆಸರ್ ಈ ಸೆಮೆಸ್ಟರ್ ಮಣ್ಣುಶಾಸ್ತ್ರ 'ಓದುತ್ತಾರೆ' ಅಂದರೆ ಪಾಠ ಮಾಡುತ್ತಾರೆ ಅಂತ. ಅಂದರೆ ಓದುವವರು ಮೇಷ್ಟ್ರು, ಕಲಿಯುವವರು ನಾವು. ಯೋಚಿಸಿ ನೋಡಿದರೆ ಅದೇ ಸರಿ ಅನ್ನಿಸುತ್ತದೆ.

'ಹೋಖ್‌ಶೂಲೆ' ಅನ್ನುವ ಪದವೂ ನನ್ನನ್ನು ಬೀಳಿಸಿತು. ಕೇಳಿದರೆ ಹೈಸ್ಕೂಲ್ ಅನ್ನಿಸುತ್ತದೆ. ಅಲ್ಲ. ಅದು ಕಾಲೇಜು, ಯೂನಿವರ್ಸಿಟಿ ಮಟ್ಟದ್ದು. ಹೋಖ್‌ಶೂಲೆಯಲ್ಲಿದ್ದಾಗ ನನಗೆ ಹದಿನಾಲ್ಕು ವರ್ಷ ಅಂತ ಒಬ್ಬಳ ಹತ್ತಿರ ಹೇಳಿದ್ದೆ. ಅವಳು ಕಣ್ಣರಳಿಸಿ ನೋಡಿದಳು. ನನ್ನನ್ನು ಯಾವುದೋ ಬಾಲಪ್ರತಿಭೆ ಅಂದುಕೊಂಡಿರಬೇಕು.

ನವೆಂಬರ್‌ನಲ್ಲಿ ಟ್ಯಾಂಡೆಮ್‌ಗೆ ಹೆಸರು ಕೊಟ್ಟೆ. ಟ್ಯಾಂಡೆಮ್ ಅಂದರೆ ಭಾಷೆಯ ಕೊಡುಕೊಳ್ಳುವಿಕೆ. ವಾರಕ್ಕೊಮ್ಮೆ ಇಬ್ಬರು ಸೇರಿ ಅರ್ಧ ಹೊತ್ತು ನಿನ್ನ ಭಾಷೆ, ಅರ್ಧ ಹೊತ್ತು ನನ್ನ ಭಾಷೆ ಅಂತ ಮಾತಾಡುವುದು. ದುಡ್ಡಿಲ್ಲ, ಪರೀಕ್ಷೆಯಿಲ್ಲ. ನನಗೆ ಸಿಕ್ಕವಳು ಇತಿಹಾಸ ಓದುತ್ತಿದ್ದವಳು. ಅವಳಿಗೆ ಇಂಗ್ಲಿಷ್ ಸುಧಾರಿಸಿಕೊಳ್ಳಬೇಕಿತ್ತು. ಮೊದಲ ದಿನವೇ ನನ್ನ ಬಾಯಿಪಾಠ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ಇದು ಕೆಲಸದ ಇಂಟರ್ವ್ಯೂಗೆ ಚೆನ್ನಾಗಿದೆ" ಅಂದಳು.

ಮುಖ ಚಿಕ್ಕದಾಯಿತು. ಆದರೆ ಅವಳು ಹೇಳಿದ್ದು ನಿಜ. ನಾನು ಪ್ರತಿ ಸಲ ಸರ್ಟಿಫಿಕೇಟಿನಲ್ಲಿರುವಂತೆ ಕೋರ್ಸಿನ ಪೂರ್ತಿ ಹೆಸರು ಹೇಳುತ್ತಿದ್ದೆ. ಅದು ಇಂಗ್ಲಿಷಿನಲ್ಲಿ ಬೇರೆ. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಅವಳು ಹೇಳಿಕೊಟ್ಟದ್ದು ಇಷ್ಟೇ. "ಇಶ್ ಮಾಖೆ ವಾಸ್ ಮಿಟ್ ವಾಲ್ಟ್" ಅಂತ ಹೇಳು. ಕಾಡಿಗೆ ಸಂಬಂಧಪಟ್ಟದ್ದೇನೋ ಮಾಡ್ತಿದ್ದೀನಿ. ಅಷ್ಟು ಹೇಳಿ ನಿಲ್ಲಿಸು. ಅವರಿಗೆ ಕುತೂಹಲ ಇದ್ದರೆ ಕೇಳ್ತಾರೆ. ಕೇಳಿದಾಗ ಹೇಳುವುದಕ್ಕೆ ಏನಾದರೂ ಉಳಿದಿರಬೇಕಲ್ವಾ?

ಅವಳ ಹತ್ತಿರ ಚಿಕ್ಕಪುಟ್ಟ ತಪ್ಪುಗಳನ್ನೂ ತಿದ್ದಿಸಿಕೊಂಡೆ. ಯೂನಿಯ, ಅಂದರೆ ಯೂನಿವರ್ಸಿಟಿಯ, 'ಒಳಗೆ' ಓದುವುದಲ್ಲ, 'ಆನ್ ಡೇರ್ ಊನಿ', ಅಂದರೆ ಯೂನಿಯ 'ಬಳಿ'. ಸೆಮೆಸ್ಟರ್‌ನ 'ಒಳಗೆ' ಇರಬಹುದು, ಅದು 'ಇಮ್'. ನಾನು 'ಶ್ಟುಡೆಂಟಿನ್' ಅನ್ನುವಾಗ ಹಿಂದೆ 'ಒಬ್ಬ' ಅಂತ ಸೇರಿಸಬಾರದು. ಇಂಗ್ಲಿಷಿನಿಂದ ಬಂದವರು ಸೇರಿಸುತ್ತಾರೆ. ಕನ್ನಡದಲ್ಲಿ ನಾವೂ 'ನಾನು ವಿದ್ಯಾರ್ಥಿನಿ' ಅಂತಲೇ ಹೇಳುವುದು. ಹಾಗಿದ್ದೂ ನಾನು ತಪ್ಪು ಮಾಡುತ್ತಿದ್ದೆ. ಯಾಕೆ?

ಈ 'ಯಾಕೆ'ಗೆ ಉತ್ತರ ಸಿಕ್ಕಿದ ದಿನ ಚೆನ್ನಾಗಿ ನೆನಪಿದೆ. ಹೊರಗೆ ನಾಲ್ಕೂವರೆಗೆಲ್ಲ ಕತ್ತಲಾಗಿತ್ತು. ಅರಣ್ಯಶಾಸ್ತ್ರ ಯಾಕೆ ತಗೊಂಡೆ ಅಂತ ಅವಳು ಕೇಳಿದಳು. ನಾನು ಎಂದಿನಂತೆ ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಕಟ್ಟಿ, ಅದನ್ನು ಒಡೆದು ಜರ್ಮನ್ನಿಗೆ ಜೋಡಿಸುತ್ತಾ ಕೂತೆ. ಜರ್ಮನ್‌ನಲ್ಲಿ 'ವೈಲ್' ಅಂದರೆ 'ಯಾಕಂದ್ರೆ'. ಅದು ಬಂತೆಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಬೇಕು. ಇದು ಎಲ್ಲರನ್ನೂ ಕಾಡುವ ನಿಯಮ. ನಾನೂ ಒದ್ದಾಡುತ್ತಿದ್ದೆ. ಅವಳು ಕಾದು ಕಾದು, "ನಿನ್ನ ಭಾಷೆಯಲ್ಲಿ ಹೇಗೆ ಹೇಳ್ತೀಯಾ?" ಅಂದಳು.

ಹೇಳಿದೆ. ಯಾಕಂದ್ರೆ ನಾನು ಕಾಡನ್ನು ಮೆಚ್ತೀನಿ.

ಆಮೇಲೆ ಜರ್ಮನ್ನಿನಲ್ಲಿ ಹೇಳಿದೆ. ವೈಲ್ ಇಶ್ ಡೇನ್ ವಾಲ್ಟ್ ಮಾಕ್. ಯಾಕಂದ್ರೆ, ನಾನು, ಕಾಡನ್ನು, ಮೆಚ್ತೀನಿ. ಒಂದು ಪದವೂ ಆಚೀಚೆ ಆಗಲಿಲ್ಲ. 'ಕಾಡು' 'ಕಾಡನ್ನು' ಆದ ಹಾಗೆ ಅಲ್ಲಿಯೂ 'ಡೇರ್ ವಾಲ್ಟ್' 'ಡೇನ್ ವಾಲ್ಟ್' ಆಗಿ ಕೂತಿದೆ. ದ್ವಿತೀಯಾ ವಿಭಕ್ತಿ! ಸ್ಕೂಲಿನಲ್ಲಿ ಬೈಸಿಕೊಂಡು ಕಲಿತದ್ದು ಇಲ್ಲಿ ಕೈ ಹಿಡಿಯಿತು.

ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಒಂದೊಂದಾಗಿ ಹೊಳೆಯತೊಡಗಿತು. "ಶ್ಟಾಟಿಸ್ಟಿಕ್ ಫೆಲ್ಟ್ ಮಿಯರ್ ಶ್ವೇರ್." ಸ್ಟ್ಯಾಟಿಸ್ಟಿಕ್ಸ್ 'ನನಗೆ' ಕಷ್ಟ. ನಾನು ಅಲ್ಲ, ನನಗೆ. ಇಷ್ಟವಾಗುವುದೂ 'ನನಗೆ'ಯೇ. ಪರೀಕ್ಷೆ ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವಂಥದ್ದು, ಕನ್ನಡದಲ್ಲೂ ಜರ್ಮನ್ನಿನಲ್ಲೂ ಬರೆಯುವಂಥದ್ದು. 'ಕ್ಲೌಝೂರ್ ಶ್ರೈಬೆನ್', ಪರೀಕ್ಷೆ ಬರೆಯುವುದು. ಆಮೇಲೆ ನೀನು-ನೀವು. ಅವರಿಗೂ 'ಡು' ಮತ್ತು 'ಝೀ' ಇದೆ. ಇಷ್ಟು ದಿನ ಮೈಸೂರಿಗೆ ಹೋಗಬೇಕಾದವಳು ಮುಂಬೈ ಸುತ್ತಿಕೊಂಡು ಹೋಗುತ್ತಿದ್ದೆ.

ಎಲ್ಲವೂ ಹೀಗೆ ಸಲೀಸು ಅಂತ ತಿಳಿಯಬೇಡಿ. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಕೂರಬೇಕು. 'ಈಗ' ಅಂತ ಶುರು ಮಾಡಿದರೆ ತಕ್ಷಣ 'ಓದುತ್ತೇನೆ', ಆಮೇಲೆ 'ನಾನು'. ಇದು ನನಗೆ ಇವತ್ತಿಗೂ ಆಗಾಗ ತಪ್ಪುತ್ತದೆ. ಇನ್ನೊಂದು ಅನ್ಯಾಯ ಕೇಳಿ. 'ವೈಲ್' ನಿಯಮವನ್ನು ನಾನು ಅಷ್ಟು ಕಷ್ಟಪಟ್ಟು ಪಳಗಿಸಿಕೊಂಡ ಮೇಲೆ ಗಮನಿಸಿದೆ, ನಮ್ಮ ಅಡುಗೆಮನೆಯ ಹುಡುಗ ಅದನ್ನು ಆರಾಮಾಗಿ ಮುರಿಯುತ್ತಾನೆ. 'ವೈಲ್' ಅಂತ ಹೇಳಿ, ಒಂದು ಗಳಿಗೆ ನಿಂತು, ಆಮೇಲೆ ಮಾಮೂಲಿ ವಾಕ್ಯ ಹೇಳುತ್ತಾನೆ. ಅವನೊಬ್ಬನೇ ಅಲ್ಲ, ಮಾತಾಡುವಾಗ ತುಂಬಾ ಜನ ಹಾಗೇ ಹೇಳುತ್ತಾರೆ. ಬರೆಯುವಾಗ ಮಾತ್ರ ಎಲ್ಲರೂ ಸಾಚಾ.

ವಾಕ್ಯ ಸರಿಹೋಯಿತು. ಮಾತು ಮಾತ್ರ ಇನ್ನೂ ಸರಿಹೋಗಿರಲಿಲ್ಲ. ಇದು ಗೊತ್ತಾಗುವುದಕ್ಕೆ ನನಗೆ ಒಂದು ಇಡೀ ಸೆಮೆಸ್ಟರ್ ಹಿಡಿಯಿತು.

ಮೆನ್ಸಾದಲ್ಲಿ ಯಾರಾದರೂ ಸಿಕ್ಕರೆ "ವೀ ಲಾಯ್ಫ್ಟ್ಸ್?" ಅನ್ನುತ್ತಾರೆ. ಹೇಗೆ ನಡೀತಿದೆ? ಓದಿನ ಬಗ್ಗೆ ಕೇಳುವುದು. ನಾನು ಹಲ್ಲು ಕಿರಿದು "ತುಂಬಾ ಚೆನ್ನಾಗಿ, ಥ್ಯಾಂಕ್ಸ್" ಅನ್ನುತ್ತಿದ್ದೆ. ಅವರು "ಓ, ಒಳ್ಳೇದು" ಅಂತ ತಟ್ಟೆಯ ಕಡೆ ನೋಡುತ್ತಿದ್ದರು. ಮುಗಿಯಿತು. ನನ್ನ ಜರ್ಮನ್ ಕೆಟ್ಟದಾಗಿದೆ, ಅದಕ್ಕೇ ಮಾತು ಮುಂದುವರಿಸಲ್ಲ ಅಂದುಕೊಂಡಿದ್ದೆ. ಟ್ಯಾಂಡೆಮ್‌ನವಳ ಹತ್ತಿರ ಹೇಳಿಕೊಂಡೆ. "ಎಲ್ಲಾ ಚೆನ್ನಾಗಿದ್ರೆ ಮಾತಾಡೋಕೆ ಇನ್ನೇನಿದೆ?" ಅಂದಳು.

ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ಇವರಲ್ಲಿ ಓದಿನ ಬಗ್ಗೆ ಮಾತಾಡುವುದು ಅಂದರೆ ಗೋಳು ಹೇಳಿಕೊಳ್ಳುವುದು. ದೊಡ್ಡ ಗೋಳಲ್ಲ, ಹದವಾದ ಗೋಳು. "ಗೇಟ್ ಝೋ", ಹಾಗೂ ಹೀಗೂ ನಡೀತಿದೆ. "ಮುಸ್ ಯಾ", ನಡೀಲೇಬೇಕಲ್ಲ. "ಶ್ಟ್ರೆಸಿಶ್", ಒತ್ತಡ ಜಾಸ್ತಿ. ಒಬ್ಬರು ಇಷ್ಟು ಅಂದರೆ ಸಾಕು, ಎದುರಿನವರು ತಮ್ಮ ಗಂಟು ಬಿಚ್ಚುತ್ತಾರೆ. ನನ್ನದೂ ಹಾಗೇ, ಇನ್ನೂ ಎರಡು ಪೇಪರ್ ಕೊಡಬೇಕು, ಆ ಸೆಮಿನಾರ್ ಇದೆಯಲ್ಲ, ಅದಂತೂ... ಹೀಗೆ ಅರ್ಧ ಗಂಟೆ. ಯಾರೂ ಪರಿಹಾರ ಕೇಳುವುದಿಲ್ಲ, ಕೊಡುವುದೂ ಇಲ್ಲ. ಕೊನೆಗೆ ಯಾರಾದರೊಬ್ಬರು "ಇಸ್ಟ್ ಹಾಲ್ಟ್ ಝೋ" ಅನ್ನುತ್ತಾರೆ. ಎಲ್ಲರೂ ಎದ್ದು ತಟ್ಟೆ ಇಡಲು ಹೋಗುತ್ತಾರೆ.

ಈ 'ಹಾಲ್ಟ್' ಅನ್ನುವ ಪುಟ್ಟ ಪದಕ್ಕೆ ನಿಘಂಟಿನಲ್ಲಿ ಎಷ್ಟು ಹುಡುಕಿದರೂ ತೃಪ್ತಿಯಾಗಲಿಲ್ಲ. ಕಡೆಗೆ ಕನ್ನಡದಲ್ಲೇ ಸಿಕ್ಕಿತು. ಇನ್ನೇನು ಮಾಡೋದು, ಅದು ಹಾಗೇ, ಬಿಡಿ. ಆ 'ಬಿಡಿ'ಯಲ್ಲಿ ಒಂದು ನಿಟ್ಟುಸಿರು ಇದೆಯಲ್ಲ, ಅದೇ ಹಾಲ್ಟ್. 'ಡೊಖ್' ಅನ್ನುವುದು ಎಷ್ಟೋ ಕಡೆ ನಮ್ಮ 'ತಾನೆ'. ನಾಳೆ ಪರೀಕ್ಷೆ ತಾನೆ? ಪಠ್ಯಪುಸ್ತಕ ಇವುಗಳನ್ನು ಕೊನೆಯ ಪುಟಗಳಿಗೆ ತಳ್ಳುತ್ತದೆ. ಇವಿಲ್ಲದೆ ಮಾತಾಡಿದರೆ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಕೇಳಿಸುತ್ತದೆ. ನಾನು ಐದಾರು ತಿಂಗಳು ಪ್ರಕಟಣೆ ಮಾಡಿಕೊಂಡೇ ಓಡಾಡಿದೆ.

ಗೋಳಿಗೆ ಸರಕು ಬೇಕಲ್ಲ, ಅದನ್ನು ಪರೀಕ್ಷೆಗಳು ಒದಗಿಸಿದವು. ಫೆಬ್ರವರಿಯಲ್ಲಿ ಪಾಠ ಮುಗಿದು ಕ್ಲೌಝೂರ್‌ಗಳು ಬಂದವು. ಇಲ್ಲಿ ಅಂಕ ತಲೆಕೆಳಗು. 1.0 ಅತ್ಯುತ್ತಮ. 4.0 ಬಂದರೆ ಪಾಸು. 5.0 ಅಂದರೆ ಫೇಲು. ಚುಕ್ಕೆ ಅನ್ನುವುದಿಲ್ಲ, ಅಲ್ಪವಿರಾಮ. 'ಐನ್ಸ್ ಕೋಮಾ ಝೀಬೆನ್' ಅಂದರೆ 1.7. ನನ್ನ ಹಳೇ ಅಂಕಪಟ್ಟಿಯನ್ನು ಇಲ್ಲಿನ ಅಂಕಕ್ಕೆ ಇಳಿಸಲು ಬವೇರಿಯಾದ ಹೆಸರಿನ ಸೂತ್ರವೊಂದಿದೆ. ಗರಿಷ್ಠ ಅಂಕದಿಂದ ನಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಅರ್ಜಿ ಹಾಕುವಾಗ ಹತ್ತು ಸಲ ಲೆಕ್ಕ ಹಾಕಿದ್ದೆ. ಆದರೂ ಮನಸ್ಸು ಒಗ್ಗಿರಲಿಲ್ಲ. ಮೊದಲ ಫಲಿತಾಂಶ 3.7 ಬಂದಾಗ ನಾಲ್ಕರ ಹತ್ತಿರ ಇದೆ, ಪರವಾಗಿಲ್ಲ ಅಂತ ಒಂದು ನಿಮಿಷ ಖುಷಿಪಟ್ಟೆ. ಆಮೇಲೆ ನೆನಪಾಯಿತು.

ಅದು ಸ್ಟ್ಯಾಟಿಸ್ಟಿಕ್ಸ್. ಅಡುಗೆಮನೆಗೆ ಬಂದು ಹೇಳಿದೆ. ಪಾಸಾಗುವುದಕ್ಕೆ ಅವರು 'ಬೆಶ್ಟೇಯೆನ್' ಅನ್ನುತ್ತಾರೆ, ಅದರೊಳಗೆ 'ನಿಲ್ಲು' ಇದೆ. ಫೇಲಾಗುವುದಕ್ಕೆ 'ಡುರ್ಶ್‌ಫಾಲೆನ್', ತೂರಿಕೊಂಡು ಕೆಳಗೆ ಬೀಳುವುದು. ನಮ್ಮ ಡುಮ್ಕಿ ಹೊಡೆಯುವುದು ನೆನಪಾಗುತ್ತದೆ. ನಾನು ಬಿದ್ದಿರಲಿಲ್ಲ, ನಿಂತಿದ್ದೆ, ಒಂದು ಕಾಲಲ್ಲಿ. ಹಾಗೇ ಹೇಳಿದೆ. 3.7, ನಿಂತಿದ್ದೀನಿ, ಆದ್ರೆ ಒಂದೇ ಕಾಲಲ್ಲಿ. ಹುಡುಗ ಜೋರಾಗಿ ನಕ್ಕ. "ನಿಂತರೆ ನಿಂತ ಹಾಗೆ" ಅಂದ. ಆಮೇಲೆ ತಾನು ಒಂದು ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೇ ಸಲ ಕೂತ ಕಥೆ ಶುರು ಮಾಡಿದ. ಅಂಥ ಕಡೆ ಮೂರನೇ ಸಲವೂ ಬಿದ್ದರೆ ಆ ಕೋರ್ಸಿನಿಂದಲೇ ಹೊರಗೆ. 'ಡ್ರಿಟ್‌ಫೆರ್ಸೂಖ್', ಮೂರನೇ ಪ್ರಯತ್ನ ಅನ್ನುವ ಆ ಪದ ಹೇಳುವಾಗ ಅವನ ದನಿ ಇಳಿಯಿತು. ಇಂಗ್ಲಿಷಿಗೆ ಹೊರಳುವುದನ್ನು ಅವನು ಮರೆತಿದ್ದ. ಮಧ್ಯೆ ಅರ್ಧದಷ್ಟು ನನಗೆ ಅರ್ಥವಾಗಲಿಲ್ಲ. ಆದರೆ ಅವನನ್ನು ತಡೆಯುವ ಧೈರ್ಯ ಮಾಡಲಿಲ್ಲ.

ಸಮಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 'ಹಾಲ್ಪ್ ಡ್ರೈ' ಅಂದರೆ ಮೂರೂವರೆ ಅಲ್ಲ, ಎರಡೂವರೆ. ಮೂರಕ್ಕೆ ಅರ್ಧ ಬಾಕಿ. ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ 'ಟ್ಸೆ. ಟೆ.' ಅಂತಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ನಾನು ಮೊದಲ ದಿನ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಖಾಲಿ ಹಾಲಿನಲ್ಲಿ ಒಬ್ಬಳೇ ಕೂತಿದ್ದೆ. ಪಾಠ ಮುಗಿದಾಗ ಎಲ್ಲರೂ ಬೆಂಚು ಕುಟ್ಟಿದರು. ಗಲಾಟೆ ಅಂದುಕೊಂಡು ಗಾಬರಿಯಾದೆ. ಅದು ಇವರ ಚಪ್ಪಾಳೆ.

ನೀನು-ನೀವು ಸುಲಭ ಅಂದೆನಲ್ಲ, ಅದರಲ್ಲೂ ಎಡವಿದೆ. ಗುರುತಿಲ್ಲದವರನ್ನು, ನನ್ನ ವಯಸ್ಸಿನವರೇ ಆಗಲಿ, ನೀವು ಅಂತ ಕರೆಯುವುದು ನನ್ನ ರೂಢಿ. ಇಲ್ಲಿ ವಿದ್ಯಾರ್ಥಿ ವಿದ್ಯಾರ್ಥಿಗೆ ಮೊದಲ ಮಾತಿನಿಂದಲೇ 'ಡು'. ಪ್ರೊಫೆಸರಿಗೆ 'ಝೀ'. ಲೈಬ್ರರಿಯಲ್ಲಿ ಪಕ್ಕದವಳನ್ನು 'ಝೀ' ಹಾಕಿ ಪೆನ್ನು ಕೇಳಿದೆ. ಅವಳು ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡಿದಳು.

ಕೆಳಮನೆಯ ಅಜ್ಜಿಯದು ಬೇರೆಯೇ ಕಥೆ. ಅವರಿಗೆ ಎಪ್ಪತ್ತು ದಾಟಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ಓದಿನ ಬಗ್ಗೆ ಕೇಳುತ್ತಿದ್ದರು. ಒಮ್ಮೆ ವಾರಾಂತ್ಯಕ್ಕೆ ಏನು ಕಾರ್ಯಕ್ರಮ ಅಂದರು. 'ಹೌಸ್‌ಆರ್ಬೈಟ್' ಇದೆ, ಇಪ್ಪತ್ತು ಪುಟ ಅಂದೆ. ಅವರು ಮೊದಲ ಪದ ಮಾತ್ರ ಕೇಳಿಸಿಕೊಂಡಿದ್ದರು. ಯೂನಿಯಲ್ಲಿ ಆ ಪದಕ್ಕೆ ಸೆಮಿನಾರಿಗೆ ಬರೆದು ಕೊಡುವ ಪೇಪರ್ ಅಂತ ಅರ್ಥ. ಮನೆಗಳಲ್ಲಿ ಅದು ಕಸಮುಸುರೆ. "ಒಳ್ಳೇದು, ಹಾಗಾದರೆ ಮೆಟ್ಟಿಲೂ ಒರೆಸಿಬಿಡಿ" ಅಂದರು. ಒರೆಸಿದೆ. ಆಮೇಲೆ ಗೊತ್ತಾಗಿ ಇಬ್ಬರೂ ನಕ್ಕೆವು. ಆ ವಾರವೇ ಅವರು ಕಾಫಿಗೆ ಕರೆದು, ಇನ್ನು ಮೇಲೆ ನನಗೆ 'ಡು' ಅನ್ನು ಅಂದರು. ಹಾಗೆ ಹೇಳುವ ಹಕ್ಕು ಇಲ್ಲಿ ಹಿರಿಯರದ್ದು, ಕಿರಿಯರು ತಾವಾಗಿ ಇಳಿಸುವಂತಿಲ್ಲ. ನಮ್ಮನೆ ಅಜ್ಜಿಯನ್ನು ನೀನು ಅಂದೇ ಬೆಳೆದವಳು ನಾನು. ಆದರೂ ಇವರಿಗೆ 'ಡು' ಅನ್ನಲು ವಾರಗಟ್ಟಲೆ ನಾಲಿಗೆ ಏಳಲಿಲ್ಲ. ಸಂಬೋಧನೆಯೇ ಬರದ ಹಾಗೆ ವಾಕ್ಯ ತಿರುಚಿ ತಿರುಚಿ ಮಾತಾಡಿದೆ. ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಎರಡನೇ ವರ್ಷ ಪ್ರಬಂಧದ ಕೆಲಸಕ್ಕೆ ಹಾರ್ಟ್ಸ್ ಬೆಟ್ಟಗಳಿಗೆ ಹೋಗಿ ಬರುತ್ತಿದ್ದೆ. ಸತ್ತ ಮರಗಳ ಕೆಳಗೆ ಯಾವ ಸಸಿಗಳು ತಾವಾಗಿ ಏಳುತ್ತಿವೆ ಅಂತ ಎಣಿಸುವ ಕೆಲಸ. ಅಲ್ಲಿ 2018ರಿಂದ ಸತತ ಬರ ಬಂದು, ತೊಗಟೆಯ ಕೆಳಗೆ ಕೊರೆಯುವ ಹುಳು ಹೆಚ್ಚಿ, ಸ್ಪ್ರೂಸ್ ಮರಗಳು ಗುಡ್ಡಕ್ಕೆ ಗುಡ್ಡವೇ ಒಣಗಿ ನಿಂತಿವೆ. ಬೂದು ಬಣ್ಣದ ಕಂಬಗಳ ಹಾಗೆ. ಗೋಸ್ಲಾರ್ ಕಡೆಯಿಂದ ವಾಪಸ್ ಬರುವ ರೈಲಿನಲ್ಲಿ ಎದುರಿಗೆ ಒಬ್ಬ ಮುದುಕರು ಕೂತಿದ್ದರು. ನನ್ನ ಕೆಸರು ಬೂಟು, ಅಳತೆ ಟೇಪು ನೋಡಿ, ಏನು ಕೆಲಸ ಅಂತ ಕೇಳಿದರು.

ಕಾಡಿಗೆ ಸಂಬಂಧಪಟ್ಟದ್ದೇನೋ ಓದ್ತಿದ್ದೀನಿ ಅಂದೆ. ಕಲಿತಷ್ಟೇ ಹೇಳಿ ನಿಲ್ಲಿಸಿದೆ.

ಅಷ್ಟು ಸಾಕಾಯಿತು. ಈ ದೇಶದ ಮೂರರಲ್ಲಿ ಒಂದು ಭಾಗ ಕಾಡು. ಎಲ್ಲರಿಗೂ ಅದರ ಬಗ್ಗೆ ಹೇಳುವುದಕ್ಕೆ ಏನಾದರೂ ಇರುತ್ತದೆ. ಅವರು 1980ರ ದಶಕಕ್ಕೆ ಹೋದರು. ಆಗ ಆಮ್ಲಮಳೆಯಿಂದ ಕಾಡೆಲ್ಲ ಸತ್ತೇ ಹೋಗುತ್ತದೆ ಅಂತ ಇಡೀ ದೇಶ ಹೆದರಿತ್ತಂತೆ. 'ವಾಲ್ಟ್‌ಶ್ಟೆರ್ಬೆನ್', ಕಾಡಿನ ಸಾವು. ಪತ್ರಿಕೆಗಳಲ್ಲಿ ದಿನವೂ ಅದೇ. ನನಗೆ ಇದು ಪಾಠದಲ್ಲಿ ಬಂದಿತ್ತು. 1984ರಿಂದ ಪ್ರತಿ ವರ್ಷ ಮರಗಳ ನೆತ್ತಿ ನೋಡಿ ಕಾಡಿನ ಆರೋಗ್ಯ ಲೆಕ್ಕ ಹಾಕುತ್ತಾರೆ ಅಂತ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹುರುಪು ಬಂದು ಇನ್ನೊಂದೂ ಹೇಳಿದೆ. ಈಗ ಎಲ್ಲರ ಬಾಯಲ್ಲಿರುವ 'ನಾಖ್‌ಹಾಲ್ಟಿಶ್‌ಕೈಟ್', ಸುಸ್ಥಿರತೆ ಅನ್ನುವ ಮಾತು, ಹುಟ್ಟಿದ್ದು ಕಾಡಿನ ಕೆಲಸದಿಂದ. ಹಾನ್ಸ್ ಕಾರ್ಲ್ ಫೋನ್ ಕಾರ್ಲೋವಿಟ್ಸ್ ಅಂತ, ಸ್ಯಾಕ್ಸನಿಯ ಗಣಿ ಅಧಿಕಾರಿ. ಗಣಿಗಳಿಗೆ ಮರ ಸಾಲದೆ ಬಂದಾಗ, ಬೆಳೆಯುವಷ್ಟನ್ನೇ ಕಡಿಯಬೇಕು ಅಂತ 1713ರಲ್ಲಿ ಬರೆದ. ಇಷ್ಟನ್ನೂ ಜರ್ಮನ್ನಿನಲ್ಲಿ ಹೇಳಿದೆ. ವಿಭಕ್ತಿಗಳು ಎಷ್ಟು ಸರಿ ಇದ್ದವೋ ದೇವರಿಗೇ ಗೊತ್ತು.

ಆಮೇಲೆ ಮರ್ಯಾದೆಗೆ ನಾನೂ ಕೇಳಬೇಕಲ್ಲ. ನೀವು ಏನು ಓದಿದ್ದೀರಿ ಅಂತ 'ಶ್ಟುಡೀರ್ಟ್' ಹಾಕಿ ಕೇಳಿದೆ.

ಅವರು ಕಿಟಕಿಯ ಹೊರಗೆ ನೋಡಿದರು. ಆಮೇಲೆ ನಕ್ಕರು. "ನಾನು ಓದಿಲ್ಲ. ನಾನು ಏನೋ ಮರ್ಯಾದಸ್ಥ ಕೆಲಸ ಕಲಿತೆ."

ಇಲ್ಲಿ ಕಲಿತೆ ಅಂದರೆ 'ಗೆಲೆರ್ನ್ಟ್'. ಅದೇ ಲೆರ್ನೆನ್. ಪರೀಕ್ಷೆಗೆ ಕೂತು ಓದುವುದು ಅಂತ ನಾನು ತಿಳಿದಿದ್ದ ಪದ. ಅವರು ಬಡಗಿ. 'ಗೆಲೆರ್ನ್ಟರ್ ಟಿಶ್ಲರ್', ಕಲಿತ ಬಡಗಿ. ಇಲ್ಲಿ ಕೈಕೆಲಸಕ್ಕೂ ಕಲಿಕೆ ಇದೆ, 'ಔಸ್‌ಬಿಲ್ಡುಂಗ್'. ಸಾಮಾನ್ಯವಾಗಿ ಮೂರು ವರ್ಷ. ಕೆಲಸದ ಜಾಗದಲ್ಲಿ ಸಂಬಳ ತಗೊಂಡು ಕಲಿಯುವುದು, ನಡುನಡುವೆ ಅದಕ್ಕೆಂದೇ ಇರುವ ಶಾಲೆಗೆ ಹೋಗುವುದು, ಕೊನೆಗೆ ಪರೀಕ್ಷೆ. ಲಕ್ಷಾಂತರ ಜನ ಈ ದಾರಿಯಲ್ಲಿ ಬಂದವರು. ಎಲ್ಲರನ್ನೂ ಏನು ಓದಿದ್ದೀರಿ ಅಂತ ಕೇಳುವುದು ಪೆದ್ದುತನ ಮಾತ್ರವಲ್ಲ, ಸ್ವಲ್ಪ ಸೊಕ್ಕಿನ ಹಾಗೂ ಕೇಳಿಸುತ್ತದೆ. ನನಗೆ ಕಿವಿ ಬಿಸಿಯಾಯಿತು. ಕ್ಷಮಿಸಿ ಅಂದೆ. ಅವರಿಗೆ ಬೇಜಾರಾದಂತೆ ಕಾಣಲಿಲ್ಲ. ಸ್ಪ್ರೂಸ್ ಮರದ ಹಲಗೆಗೂ ಬೀಚ್ ಮರದ ಹಲಗೆಗೂ ಉಳಿ ಹಾಕಿದಾಗ ಸದ್ದು ಹೇಗೆ ಬೇರೆ ಅಂತ ಬೆರಳಿನಿಂದ ಕಿಟಕಿಯ ಚೌಕಟ್ಟು ತಟ್ಟಿ ತೋರಿಸಿದರು. ಎರಡು ವರ್ಷ ಮರದ ಬಗ್ಗೆ ಓದಿದವಳಿಗೆ ಅದು ಗೊತ್ತಿರಲಿಲ್ಲ.

ಈಗ ಪ್ರಬಂಧ ಬರೆಯುತ್ತಿದ್ದೇನೆ. ಅದರ ಲೆಕ್ಕಾಚಾರದ ಭಾಗವನ್ನು ಜರ್ಮನ್ನಿನಲ್ಲಿ ವಿವರಿಸಲು ನನಗೆ ಇನ್ನೂ ಬರುವುದಿಲ್ಲ. 'ಕೊಂಪ್ಲಿಟ್ಸೀರ್ಟ್' ಅನ್ನುತ್ತೇನೆ, ಜಟಿಲ. ಕೇಳಿದವರು ನೆಮ್ಮದಿಯಿಂದ ತಲೆಯಾಡಿಸುತ್ತಾರೆ. ನಿಜ ಹೇಳಬೇಕೆಂದರೆ ಕನ್ನಡದಲ್ಲೂ ಬರುವುದಿಲ್ಲ.

ಮೊನ್ನೆ ರಾತ್ರಿ ಒಂಬತ್ತಕ್ಕೆ ಲೈಬ್ರರಿಯಿಂದ ಬಂದೆ. ಅಜ್ಜಿ ಬಾಗಿಲಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿದ್ದರು. "ವಾನ್ ಬಿಸ್ಟ್ ಡು ಫೆರ್ಟಿಶ್?" ಅಂದರು. ಯಾವಾಗ ಮುಗಿಸ್ತೀಯಾ? ಫೆರ್ಟಿಶ್ ಅಂದರೆ ಮುಗಿದದ್ದು, ಸಿದ್ಧವಾದದ್ದು. ಜೊತೆಗೆ ಸುಸ್ತಾಗಿ ಹಣ್ಣಾದದ್ದೂ ಹೌದು.

"ಪ್ರಬಂಧ ಸೆಪ್ಟೆಂಬರ್‌ಗೆ" ಅಂದೆ. "ನಾನು ಮಾತ್ರ ಈಗಲೇ ಫೆರ್ಟಿಶ್."

ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಗು ತಡೆಯಲಾರದೆ ನೀರಿನ ಚೊಂಬನ್ನು ಕೆಳಗಿಟ್ಟರು. ಒಳಗೆ ಟಿವಿ ನೋಡುತ್ತಿದ್ದ ತಂಗಿಯನ್ನು ಕೂಗಿ, ನಾನು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು.